ಡಿಸ್ಕ್ ಇಲ್ಲದ ಗಾಯಕ: ವಿಸೋತ್ಸ್ಕಿಯ ದನಿ ಟೇಪಿನಲ್ಲಿ ದೇಶ ಸುತ್ತಿದ ಬಗೆ

1980ರ ಜುಲೈ 25ರಂದು ಮಾಸ್ಕೋದಲ್ಲಿ ರಷ್ಯಾದ ಗಾಯಕ, ನಟ ವ್ಲಾದಿಮಿರ್ ವಿಸೋತ್ಸ್ಕಿ ತೀರಿಕೊಂಡಾಗ ನಗರದಲ್ಲಿ ಒಲಿಂಪಿಕ್ಸ್ ನಡೆಯುತ್ತಿತ್ತು. ಪತ್ರಿಕೆಯಲ್ಲಿ ಬಂದದ್ದು ಪುಟ್ಟದೊಂದು ಚೌಕಟ್ಟಿನ ಸುದ್ದಿ. ಆದರೂ 28ರಂದು ಆತ ನಟಿಸುತ್ತಿದ್ದ ತಗಾಂಕಾ ರಂಗಮಂದಿರದ ಸುತ್ತ ಹತ್ತಾರು ಸಾವಿರ ಜನ ನೆರೆದರು. ಆತನಿಗೆ 42 ವರ್ಷ. ಬದುಕಿದ್ದಾಗ ಆತನ ಹಾಡುಗಳದ್ದೇ ಆದ ಒಂದೇ ಒಂದು ದೊಡ್ಡ ಗ್ರಾಮಫೋನ್ ಡಿಸ್ಕ್ ಕೂಡ ಸೋವಿಯತ್ ಒಕ್ಕೂಟದಲ್ಲಿ ಬಂದಿರಲಿಲ್ಲ. ಹಾಗಾದರೆ ಇಷ್ಟು ಜನ ಆತನನ್ನು ಕೇಳಿದ್ದಾದರೂ ಎಲ್ಲಿ? ತಮ್ಮ ಮನೆಯಲ್ಲೇ, ಟೇಪ್ ರೆಕಾರ್ಡರಿನಲ್ಲಿ. ಅದೂ ನಕಲಿನ ನಕಲಿನ ನಕಲು.

ಹಾಡನ್ನು ಕದ್ದು ಮುದ್ರಿಸುವ ಕಸುಬು ಟೇಪಿಗಿಂತ ಹಳೆಯದು. 1940ರ ದಶಕದ ಕೊನೆಯಿಂದಲೇ ಲೆನಿನ್‌ಗ್ರಾದ್‌ನಲ್ಲಿ ಆಸ್ಪತ್ರೆಗಳು ಬಿಸಾಡಿದ ಎಕ್ಸ್‌ರೇ ಫಿಲ್ಮುಗಳ ಮೇಲೆ ಹಾಡು ಕೊರೆದು ಮಾರುತ್ತಿದ್ದರು. ಕತ್ತರಿಯಲ್ಲಿ ದುಂಡಗೆ ಕತ್ತರಿಸುವುದು, ನಡುವಿನ ತೂತನ್ನು ಉರಿಯುವ ಸಿಗರೇಟಿನಿಂದ ಸುಡುವುದು. ಜನ ಅದನ್ನು ‘ಎಲುಬು’ ಎಂದೇ ಕರೆಯುತ್ತಿದ್ದರು. ಒಂದೇ ಬದಿ, ಮೂರು ನಿಮಿಷ, ಕೆಲವು ಸಲ ನುಡಿಸುವಷ್ಟರಲ್ಲಿ ಗೆರೆ ಸವೆದು ಹೋಗುತ್ತಿತ್ತು. ಕೊರೆಯುವ ಯಂತ್ರವೂ ಬೇಕಿತ್ತು, ಹಾಗಾಗಿ ಅದು ಕೆಲವೇ ಮಂದಿಯ ಕಳ್ಳ ವ್ಯಾಪಾರವಾಗಿ ಉಳಿಯಿತು.

1960ರ ಸುಮಾರಿಗೆ ‘ಯಾವುಜಾ’, ‘ಕೊಮೆತಾ’, ‘ದ್ನೆಪ್ರ್’ ಮುಂತಾದ ಟೇಪ್ ರೆಕಾರ್ಡರುಗಳು ಸಾಮಾನ್ಯರ ಮನೆ ಸೇರಿದವು. ಎಲ್ಲವೂ ಸರ್ಕಾರಿ ಕಾರ್ಖಾನೆಗಳ ಮಾಲು, ಅಂಗಡಿಯಲ್ಲೇ ಸಿಗುತ್ತಿದ್ದವು. ಬೆರಳಚ್ಚು ಯಂತ್ರದಲ್ಲಿ ಒಂದು ಪುಸ್ತಕ ನಕಲಿಸಲು ವಾರಗಳೇ ಹಿಡಿದರೆ, ಒಂದು ಸಂಜೆಯ ಹಾಡುಗಳನ್ನು ನಕಲಿಸಲು ಒಂದು ಸಂಜೆ ಸಾಕು. ಸೆನ್ಸಾರ್ ದಾಟದ ಪುಸ್ತಕಗಳ ಸ್ವಂತ ಪ್ರಕಟಣೆಗೆ ‘ಸಮಿಜ್ದಾತ್’ ಎಂಬ ಹೆಸರಿತ್ತು. ಟೇಪಿನ ದಾರಿಗೆ ‘ಮಗ್ನಿತಿಜ್ದಾತ್’ ಎಂಬ ಹೆಸರು ಬಂತು. ಕವಿ-ಗಾಯಕ ಬುಲಾತ್ ಒಕುಜಾವಾನ ಹಾಡುಗಳು ಮೊದಲು ಹರಡಿದ್ದು ಹೀಗೆ. ವಿಸೋತ್ಸ್ಕಿ ಆತನ ಹಿಂದೆಯೇ ಬಂದವನು.

ಹುಟ್ಟಿದ್ದು 1938ರ ಜನವರಿ 25, ಮಾಸ್ಕೋ. ತಂದೆ ಸೈನ್ಯದ ಅಧಿಕಾರಿ, ತಾಯಿ ಜರ್ಮನ್ ಅನುವಾದಕಿ. ಕಟ್ಟಡ ಎಂಜಿನಿಯರಿಂಗ್ ಕಾಲೇಜಿಗೆ ಸೇರಿ ಕೆಲವೇ ತಿಂಗಳಲ್ಲಿ ಬಿಟ್ಟ. ಮಾಸ್ಕೋ ಆರ್ಟ್ ಥಿಯೇಟರಿನ ಶಾಲೆಯಲ್ಲಿ ನಟನೆ ಕಲಿತು 1960ರಲ್ಲಿ ಹೊರಬಂದ. ತನ್ನ ಮೊದಲ ಹಾಡು ಎಂದು ಆತ ಹೇಳುತ್ತಿದ್ದದ್ದು 1961ರದ್ದು. 1964ರಲ್ಲಿ ಯೂರಿ ಲ್ಯುಬಿಮೊವ್ ಕಟ್ಟಿದ ತಗಾಂಕಾ ತಂಡಕ್ಕೆ ಸೇರಿ, ಸಾಯುವವರೆಗೂ ಅಲ್ಲೇ ಸಂಬಳದ ನಟನಾಗಿದ್ದ. 1971ರಲ್ಲಿ ಮೊದಲ ಸಲ ಹ್ಯಾಮ್ಲೆಟ್ ಆದ. ಕಪ್ಪು ಸ್ವೆಟರ್, ಕೈಯಲ್ಲಿ ಗಿಟಾರ್. ಕೊನೆಯ ಪ್ರದರ್ಶನ ಸಾವಿಗೆ ಒಂದು ವಾರ ಮುಂಚೆ, 1980ರ ಜುಲೈ 18ರಂದು.

ಆತನ ಕೈಯಲ್ಲಿದ್ದದ್ದು ರಷ್ಯಾದ ಏಳು ತಂತಿಯ ಗಿಟಾರ್. ಮೇಲಿನಿಂದ ಕೆಳಕ್ಕೆ ಡಿ, ಬಿ, ಜಿ, ಡಿ, ಬಿ, ಜಿ, ಡಿ ಎಂದು ಶ್ರುತಿ ಮಾಡುವುದು ವಾಡಿಕೆ. ಬೆರಳೊತ್ತದೆ ಸುಮ್ಮನೆ ಮೀಟಿದರೂ ಜಿ ಮೇಜರ್ ಕೇಳಿಸುತ್ತದೆ. ವಿಸೋತ್ಸ್ಕಿ ಇದನ್ನು ಒಂದು ಸ್ವರ, ಕೆಲವೊಮ್ಮೆ ಇನ್ನೂ ಹೆಚ್ಚು ಇಳಿಸಿಕೊಳ್ಳುತ್ತಿದ್ದ. ತಂತಿ ಸಡಿಲವಾದಾಗ ಮಂದ್ರ ತುಂಬಿ ಬರುತ್ತದೆ, ಜೊತೆಗೆ ತುಸು ಗುಂಯ್‌ಗುಡುತ್ತದೆ. ಆ ಒರಟು ಗಂಟಲಿಗೆ ಅದು ಹೊಂದುತ್ತಿತ್ತು. ಹಾಡುಗಾರರು ಸಾಮಾನ್ಯವಾಗಿ ಸ್ವರಾಕ್ಷರವನ್ನು ಎಳೆಯುತ್ತಾರೆ. ಈತ ವ್ಯಂಜನವನ್ನು ಎಳೆಯುತ್ತಿದ್ದ: ‘ರ್‌ರ್‌ರ್’, ‘ನ್‌ನ್‌ನ್’, ‘ಲ್‌ಲ್‌ಲ್’. ಅಗ್ಗದ ಟೇಪಿನಲ್ಲೂ ಒಂದೇ ಸಾಲಿಗೆ ಆತನ ಗುರುತು ಸಿಗಲು ಇದೇ ಕಾರಣ ಎಂದು ನಮಗನಿಸುತ್ತದೆ.

ಆತನನ್ನು ‘ನಿಷೇಧಿಸಿದ್ದರು’ ಎಂದು ಈಗ ಬರೆಯುವುದುಂಟು. ಅದು ಅರ್ಧ ಸತ್ಯ. ಸಿನಿಮಾದಲ್ಲಿ ನಟಿಸುತ್ತಿದ್ದ, 1967ರ ಪರ್ವತಾರೋಹಣದ ಚಿತ್ರ ‘ವೆರ್ತಿಕಾಲ್’ನಲ್ಲಿ ಹಾಡಿದ್ದ. ಮರುವರ್ಷ ಸರ್ಕಾರಿ ಕಂಪನಿ ‘ಮೆಲೋದಿಯಾ’ ಆ ಚಿತ್ರದ ನಾಲ್ಕು ಹಾಡುಗಳ ಪುಟ್ಟ ಡಿಸ್ಕ್ ತಂದಿತು. ಆದರೆ ಗಾಯಕ ಎಂಬ ಅಧಿಕೃತ ದರ್ಜೆ ಆತನಿಗಿರಲಿಲ್ಲ, ಕಾಗದದ ಮೇಲೆ ಆತ ನಾಟಕದ ನಟ. ಆ ದರ್ಜೆ ಇಲ್ಲದೆ ಪೋಸ್ಟರಿನಲ್ಲಿ ‘ಸಂಗೀತ ಕಛೇರಿ’ ಎಂದು ಹಾಕುವಂತಿರಲಿಲ್ಲ. ಹಾಡಿನ ಪಠ್ಯಕ್ಕೆ ಸೆನ್ಸಾರ್ ಕಚೇರಿಯ ಮುದ್ರೆಯೂ ಬೇಕು. ಹಾಗಾಗಿ ಸಂಶೋಧನಾ ಸಂಸ್ಥೆಯ ಕ್ಲಬ್ಬಿನಲ್ಲೋ ಕಾರ್ಖಾನೆಯ ಸಭಾಂಗಣದಲ್ಲೋ ‘ನಟನೊಂದಿಗೆ ಭೇಟಿ’ ಎಂಬ ಹೆಸರಿನಲ್ಲಿ ಕಾರ್ಯಕ್ರಮ. ಒಂದಿಷ್ಟು ರಂಗಭೂಮಿಯ ಮಾತು, ಸಭಿಕರು ಚೀಟಿಯಲ್ಲಿ ಬರೆದು ಕಳಿಸಿದ ಪ್ರಶ್ನೆಗೆ ಉತ್ತರ, ನಡುನಡುವೆ ಹಾಡು. ಸರ್ಕಾರ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ವರ್ಷಗಟ್ಟಲೆ ಹೀಗೇ ನಡೆಯಿತು. ಈ ಸಂದಿಗೊಂದಿಯ ವ್ಯವಸ್ಥೆಯಲ್ಲಿ ಹಣದ ಗೋಲ್‌ಮಾಲೂ ಸಹಜವಾಗಿಯೇ ಸೇರಿಕೊಂಡಿತು. 1979ರಲ್ಲಿ ಇಜೆವ್‌ಸ್ಕ್‌ನ ಕಾರ್ಯಕ್ರಮಗಳ ಟಿಕೆಟ್ ಲೆಕ್ಕದ ಬಗ್ಗೆ ಪ್ರಕರಣವೇ ನಡೆಯಿತು.

ಸಭಾಂಗಣದಲ್ಲಿ ಮುದ್ರಣ ನಡೆಯುತ್ತಿದ್ದದ್ದು ಎರಡು ರೀತಿ. ಧ್ವನಿವರ್ಧಕ ನೋಡಿಕೊಳ್ಳುವವನ ಸ್ನೇಹವಿದ್ದರೆ ನೇರ ತಂತಿ. ಇಲ್ಲವಾದರೆ ವೇದಿಕೆಯ ಅಂಚಿನಲ್ಲಿ ಸ್ವಂತ ಮೈಕು. ಆ ಕಾಲದ ವಾಲ್ವ್ ಯಂತ್ರಗಳಲ್ಲಿ ಮುದ್ರಣದ ಮಟ್ಟ ತೋರಿಸಲು ಒಂದು ಹಸಿರು ದೀಪವಿರುತ್ತಿತ್ತು. ದನಿ ಏರಿದಂತೆ ಅದರ ಎರಡು ಹಸಿರು ರೆಕ್ಕೆ ಹತ್ತಿರವಾಗುತ್ತವೆ, ಜೋರಾದ ಜಾಗದಲ್ಲಿ ಅವು ಮುಟ್ಟಿಯೂ ಮುಟ್ಟದಂತಿರಬೇಕು. ಬೇರೆ ಗಾಯಕರಿಗೆ ಇದು ಸುಲಭ. ವಿಸೋತ್ಸ್ಕಿ ಮೊದಲ ಚರಣವನ್ನು ಮಾತಾಡಿದಂತೆ ಹೇಳಿ, ಮೂರನೆಯದಕ್ಕೆ ಬರುವಷ್ಟರಲ್ಲಿ ಗರ್ಜಿಸುತ್ತಿದ್ದ. ಶುರುವಿಗೆ ಮಟ್ಟ ಹೊಂದಿಸಿ ಕೈಬಿಟ್ಟವನ ಟೇಪಿನಲ್ಲಿ ಕೊನೆ ಒಡೆದು ಕರಕರ ಅನ್ನುತ್ತದೆ. ಭಯಪಟ್ಟು ತಗ್ಗಿಸಿಟ್ಟವನಲ್ಲಿ ಮೊದಲ ಚರಣ ‘ಸ್ಸ್’ ಎಂಬ ಸದ್ದಿನಲ್ಲಿ ಮುಳುಗಿರುತ್ತದೆ.

ಇನ್ನು ಟೇಪಿನ ಉಳಿತಾಯ. 250 ಮೀಟರಿನ ರೀಲು ಸೆಕೆಂಡಿಗೆ 9.53 ಸೆಂಟಿಮೀಟರ್ ವೇಗದಲ್ಲಿ ಒಂದು ಬದಿಗೆ 43 ನಿಮಿಷ ಚಿಲ್ಲರೆ ಓಡುತ್ತದೆ. 19.05ರ ವೇಗದಲ್ಲಿ ದನಿ ಸ್ವಚ್ಛ, ಆದರೆ 22 ನಿಮಿಷಕ್ಕೆ ರೀಲು ಖಾಲಿ. ಆದ್ದರಿಂದ ಬಹಳ ಜನ ಕಡಿಮೆ ವೇಗ ಆರಿಸಿಕೊಂಡರು. ಇನ್ನೂ ಉಳಿಸಲು ಹಾಡು ಮುಗಿದೊಡನೆ ಯಂತ್ರ ನಿಲ್ಲಿಸಿ, ಗಿಟಾರ್ ಕೇಳಿಸಿದಾಗ ಮತ್ತೆ ಒತ್ತುತ್ತಿದ್ದರು. ಹೀಗೆ ಹೋದದ್ದು ಹಾಡುಗಳ ನಡುವಿನ ಮಾತು. ಹಾಡಿನಲ್ಲಿ ‘ನಾನು’ ಎನ್ನುವವನು ಒಂದು ಪಾತ್ರ ಎಂದು ಆತ ವಿವರಿಸುತ್ತಿದ್ದದ್ದು ಅದೇ ಮಾತುಗಳಲ್ಲಿ. ಅವಿಲ್ಲದ ಟೇಪು ಕೇಳಿದವರು ಈತ ಜೈಲು ಕಂಡವನು, ಯುದ್ಧದಲ್ಲಿ ಹೋರಾಡಿದವನು, ಲಾರಿ ಓಡಿಸಿದವನು ಎಂದೆಲ್ಲ ನಂಬಿದರು. ಹಿಟ್ಲರನ ಸೈನ್ಯ ನುಗ್ಗಿದಾಗ ಈತನಿಗೆ ಮೂರು ವರ್ಷ!

ರೀಲಿನ ಡಬ್ಬಿಯ ಮೇಲೆ ಹೆಸರೂ ಇರುತ್ತಿರಲಿಲ್ಲ. ಒರಟು ಗಂಟಲಿನ ಅನುಕರಣೆಗಾರರು ಬೇರೆ ಹುಟ್ಟಿಕೊಂಡಿದ್ದರು. 1968ರ ಜೂನ್‌ನಲ್ಲಿ ‘ಸೊವೆತ್‌ಸ್ಕಯಾ ರೊಸ್ಸಿಯಾ’ ಪತ್ರಿಕೆ ವಿಸೋತ್ಸ್ಕಿ ಏನು ಹಾಡುತ್ತಾನೆ ಎಂದು ಝಾಡಿಸಿ ಬರೆಯಿತು. ಆತನ ತಪ್ಪಿಗೆ ಸಾಕ್ಷಿಯಾಗಿ ಉದ್ಧರಿಸಿದ ಸಾಲುಗಳಲ್ಲಿ ಕೆಲವು ಇನ್ನೊಬ್ಬ ಕವಿ-ಗಾಯಕ ಯೂರಿ ವಿಜ್ಬೊರ್ ಬರೆದ ಹಾಡಿನವು. ಬೈಯುವವರೂ ಕೇಳುತ್ತಿದ್ದದ್ದು ಅದೇ ಬೇವಾರಸಿ ಟೇಪುಗಳನ್ನು, ಇನ್ನೇನಾದೀತು.

ನಕಲು ತೆಗೆಯುವಾಗ ಏನಾಗುತ್ತದೆಂದು ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಹಾಡು ಇಳಿಸಿಕೊಂಡ ನಮ್ಮ ತಲೆಮಾರಿನವರಿಗೂ ಗೊತ್ತು. ಪ್ರತಿ ನಕಲೂ ತನ್ನ ಪಾಲಿನ ಸದ್ದನ್ನು ಸೇರಿಸುತ್ತದೆ. ಎಲ್ಲ ಟೇಪೂ ಒಂದೇ ಗುಣಮಟ್ಟದ್ದೆಂದು ಇಟ್ಟುಕೊಂಡರೆ ಎರಡನೆಯ ತಲೆಮಾರಿನಲ್ಲಿ ಗದ್ದಲ 3 ಡೆಸಿಬೆಲ್ ಹೆಚ್ಚು, ಹತ್ತನೆಯದರಲ್ಲಿ 10. ಅದಾದರೂ ಸಹಿಸಬಹುದು. ಹೆಚ್ಚು ಕೆಡಿಸಿದ್ದು ಟೇಪು ತಾಗಿ ಓಡುವ ಹೆಡ್ಡಿನ ಓರೆ. ಒಂದು ಯಂತ್ರದ ಹೆಡ್ಡು ಕೂದಲೆಳೆಯಷ್ಟು ವಾಲಿದ್ದರೂ ಅದರ ಟೇಪು ಇನ್ನೊಂದರಲ್ಲಿ ಮಂಕಾಗಿ ಕೇಳುತ್ತದೆ. ಮೊದಲು ಹೋಗುವುದು ‘ಸ’, ‘ತ’, ‘ಚ’ಗಳ ಮೊನೆ, ಅಂದರೆ ಪದಗಳೇ. ಕೇಳಿ ಬರೆದುಕೊಂಡವರು ಊಹಿಸಿ ತುಂಬಿದರು, ಆ ತಪ್ಪುಗಳು ಕೈಬರಹದ ಪುಸ್ತಕಗಳಲ್ಲಿ ಪಾಠಾಂತರಗಳಾದವು. ವೇಗದ ವ್ಯತ್ಯಾಸ ಮತ್ತೊಂದು. ನಿಧಾನ ಓಡುವ ಯಂತ್ರದಲ್ಲಿ ಮುದ್ರಿಸಿದ್ದನ್ನು ಸರಿಯಾದದ್ದರಲ್ಲಿ ನುಡಿಸಿದರೆ ಶ್ರುತಿ ಏರುತ್ತದೆ. 6 ಪ್ರತಿಶತ ವ್ಯತ್ಯಾಸಕ್ಕೆ ಅರ್ಧ ಸ್ವರ.

ಟೇಪು ತುಂಡಾದರೆ? ಶೋಸ್ತ್ಕಾದ ಕಾರ್ಖಾನೆಯ ಹಳೆಯ ಟೇಪುಗಳ ತಳ ಅಸಿಟೇಟಿನದು, ಬೇಗ ಹರಿಯುತ್ತಿತ್ತು. ಅಡುಗೆಮನೆಯ ಗಟ್ಟಿ ವಿನೆಗರೇ ಅಂಟು. ಎರಡೂ ತುದಿಗಳನ್ನು ಓರೆಯಾಗಿ ಕತ್ತರಿಸಿ, ಒಂದರ ಮೇಲೊಂದು ತುಸು ಬರುವಂತಿಟ್ಟು, ಬೆಂಕಿಕಡ್ಡಿಯ ತುದಿಯಿಂದ ಒಂದು ಹನಿ ಸವರಿ, ಬೆರಳಲ್ಲಿ ಒತ್ತಿ ಹಿಡಿದರೆ ತಳ ಕರಗಿ ಬೆಸೆದುಕೊಳ್ಳುತ್ತಿತ್ತು. ಹನಿ ಹೆಚ್ಚಾದರೆ ಟೇಪು ಸುಕ್ಕುಗಟ್ಟಿ ಹೆಡ್ಡಿನ ಮೇಲೆ ಎಗರುತ್ತಿತ್ತು. ಆಮೇಲೆ ಬಂದ ಲವ್ಸಾನ್, ಅಂದರೆ ಪಾಲಿಯೆಸ್ಟರ್ ಟೇಪು ವಿನೆಗರಿಗೆ ಜಗ್ಗುವುದಿಲ್ಲ, ಅದಕ್ಕೆ ಅಂಟುಪಟ್ಟಿಯೇ ಬೇಕು.

ಸ್ಟುಡಿಯೋ ಬಾಗಿಲು ಪೂರ್ತಿ ಮುಚ್ಚಿತ್ತು ಎಂದಲ್ಲ. 1974ರಲ್ಲಿ ‘ಮೆಲೋದಿಯಾ’ಗಾಗಿ ವಾದ್ಯವೃಂದದ ಜೊತೆ ಹಾಡಿದ, ಪತ್ನಿ, ಫ್ರೆಂಚ್ ನಟಿ ಮರೀನಾ ವ್ಲಾದಿಯೂ ಹಾಡಿದಳು. ಕೆಲವು ಹಾಡು ಪುಟ್ಟ ಡಿಸ್ಕುಗಳಲ್ಲಿ ಬಂದವು, ಇಬ್ಬರ ದೊಡ್ಡ ಡಿಸ್ಕ್ ಬಂದದ್ದು 1987ರಲ್ಲಿ. ಫ್ರಾನ್ಸಿನಲ್ಲಿ 1977ರಲ್ಲೇ ಆತನ ಡಿಸ್ಕುಗಳು ಹೊರಬಂದಿದ್ದವು. ಪ್ಯಾರಿಸ್‌ನಲ್ಲಿದ್ದ ಚಿತ್ರಕಾರ ಮಿಖಾಯಿಲ್ ಶೆಮ್ಯಾಕಿನ್ ಸ್ವಂತ ಖರ್ಚಿನಲ್ಲಿ ಒಳ್ಳೆಯ ಉಪಕರಣ ತಂದು ಹಾಡಿಸಿದ ಮುದ್ರಣಗಳಲ್ಲಿ ಆ ದನಿಯ ಏರಿಳಿತ ಎಲ್ಲೂ ಒಡೆಯದೆ ಸಿಗುತ್ತದೆ. ಆದರೂ ಅಲ್ಲಿ ಸಭಿಕರಿಲ್ಲ, ನಗುವಿಲ್ಲ. ನಮ್ಮ ಮತ ಗದ್ದಲದ ಟೇಪುಗಳಿಗೇ.

ಸತ್ತ ಮರುವರ್ಷ ಕವಿತೆಗಳ ಮೊದಲ ಪುಸ್ತಕ ಬಂತು, 1987ರಲ್ಲಿ ರಾಜ್ಯ ಪ್ರಶಸ್ತಿ. ಆ ವರ್ಷದಿಂದಲೇ ‘ಮೆಲೋದಿಯಾ’ ಆತನ ಕಾರ್ಯಕ್ರಮಗಳ ಮುದ್ರಣಗಳನ್ನು 21 ಡಿಸ್ಕುಗಳಾಗಿ ತಂದಿತು. ಒಂದು ಕಾಲಕ್ಕೆ ಅಡ್ಡದಾರಿಯಲ್ಲಿ ಸುತ್ತಿದ ಟೇಪುಗಳೇ ಈಗ ಸರ್ಕಾರಿ ಕಂಪನಿಗೆ ಮೂಲ ಸಾಮಗ್ರಿ. ಒಂದೇ ಹಾಡನ್ನು ಆತ ಒಂದೊಂದು ಊರಿನಲ್ಲಿ ಒಂದೊಂದು ಥರ ಹಾಡಿರುತ್ತಿದ್ದ. ಯಾವುದನ್ನು ಅಂತಿಮ ಪಠ್ಯ ಎನ್ನಬೇಕೆಂಬ ಜಗಳ ಸಂಪಾದಕರಲ್ಲಿ ಇನ್ನೂ ಮುಗಿದಿಲ್ಲ.

ಟೇಪು ಸರಿಪಡಿಸುವವರು ವೇಗ ಹಿಡಿಯಲು ಗದ್ದಲದ ಮೊರೆಹೋಗುತ್ತಾರೆ. ಸೋವಿಯತ್ ವಿದ್ಯುತ್ತು 50 ಹರ್ಟ್ಸ್‌ನದು, ಅದರ ಗುಂಯ್ ಸದ್ದು ಮುದ್ರಣದಲ್ಲಿ ಸೇರಿರುತ್ತದೆ. ಅದು 52ಕ್ಕೆ ಕಂಡರೆ ಇಡೀ ಟೇಪನ್ನು ಸುಮಾರು 4 ಪ್ರತಿಶತ ನಿಧಾನಿಸಬೇಕು. ಮೊದಲ ತಲೆಮಾರಿನ ಟೇಪಿನಲ್ಲಿ ಇದು ಸಲೀಸು. ಹಲವು ಯಂತ್ರ ದಾಟಿ ಬಂದದ್ದರಲ್ಲಿ ಒಂದೊಂದು ಯಂತ್ರದ್ದೂ ಒಂದೊಂದು ಗುಂಯ್, ಯಾವುದು ಸಭಾಂಗಣದ್ದೆಂದು ಕಿವಿಯಿಂದಲೇ ಆರಿಸಬೇಕು. ಅಸಿಟೇಟ್ ರೀಲುಗಳಿಗಂತೂ ಅವಸರವಿದೆ. ತಳ ಕೊಳೆಯುತ್ತ ತಾನೇ ಅಸಿಟಿಕ್ ಆಮ್ಲ ಬಿಡುತ್ತದೆ, ಟೇಪು ಕುಗ್ಗಿ ಅಂಚು ಅಲೆಯಲೆಯಾಗುತ್ತದೆ. ಡಬ್ಬಿ ತೆರೆದೊಡನೆ ವಿನೆಗರಿನ ವಾಸನೆ ಬಂದರೆ ಅದನ್ನು ಬೇರೆ ರೀಲುಗಳಿಂದ ದೂರ, ತಂಪಾದ ಒಣ ಜಾಗದಲ್ಲಿಟ್ಟು ಮೊದಲು ಅದನ್ನೇ ಡಿಜಿಟಲ್‌ಗೆ ಇಳಿಸಿಕೊಳ್ಳುತ್ತಾರೆ.