ಯಾರೂ ನೋಡದ ಮನೆಕೊಲೆಯ ನಿಮಿಷಗಳನ್ನು ಹವ್ಯಾಸಿಗಳು ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ಮನೆಯೊಳಗೆ, ಸಾಕ್ಷಿಗಳಿಲ್ಲದೆ ನಡೆದ ಹಳೆಯ ಕೊಲೆಯಲ್ಲಿ ಏನಾದ ಮೇಲೆ ಏನಾಯಿತು ಎಂದು ಪೊಲೀಸರಲ್ಲದವರು ಹೇಗೆ ಹೇಳುತ್ತಾರೆ? ಅದನ್ನು ಎಷ್ಟು ನಂಬಬಹುದು?

ಉತ್ತರ: ಕೆಲಸ ಶುರುವಾಗುವುದು ಗಡಿಯಾರದಿಂದ. ಯಾರು ಕೊಂದಿರಬಹುದು ಎಂಬ ಯೋಚನೆಯನ್ನು ಪಕ್ಕಕ್ಕಿಟ್ಟು, ದಾಖಲೆಗಳಲ್ಲಿ ಸಿಗುವ ಪ್ರತಿಯೊಂದು ಹೊತ್ತನ್ನೂ ಹಾಳೆಯಲ್ಲಿ ಬರೆದುಕೊಳ್ಳಬೇಕು. ಹೇಳಿದವರು ಯಾರು, ಯಾವ ಗಡಿಯಾರ ನೋಡಿದ್ದರು, ಘಟನೆಯಾದ ಎಷ್ಟು ದಿನಕ್ಕೆ ಹೇಳಿದರು ಎಂಬುದನ್ನೂ ಎದುರಿಗೇ ಬರೆಯಬೇಕು. ಒಂದೇ ಅಂಕಿ ಸಾಲದು. 'ಇದಕ್ಕಿಂತ ಮುಂಚೆಯಲ್ಲ, ಇದಕ್ಕಿಂತ ತಡವಲ್ಲ' ಎಂದು ಎರಡು ಬೇಕು.

ಇದನ್ನು ಕಲಿಯಲು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ನಡೆದ ಜೂಲಿಯಾ ವಾಲೆಸ್ ಕೊಲೆಗಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ. 1931ರ ಜನವರಿ 20, ಮಂಗಳವಾರ ರಾತ್ರಿ ಸುಮಾರು 8:45ಕ್ಕೆ ವುಲ್ವರ್ಟನ್ ಸ್ಟ್ರೀಟಿನ 29ನೇ ನಂಬರ್ ಮನೆಯ ಮುಂದಿನ ಕೋಣೆಯಲ್ಲಿ ಆಕೆಯ ಶವ ಸಿಕ್ಕಿತು. ಗಂಡ ವಿಲಿಯಂ ಹರ್ಬರ್ಟ್ ವಾಲೆಸ್ ವಿಮಾ ಏಜೆಂಟ್. ಹಿಂದಿನ ಸಂಜೆ 'ಕ್ವಾಲ್ಟ್ರೋ' ಎಂಬ ಹೆಸರಿನಲ್ಲಿ ಯಾರೋ ಆತನ ಚೆಸ್ ಕ್ಲಬ್ಬಿಗೆ ಫೋನ್ ಮಾಡಿ, ಮಂಗಳವಾರ 7:30ಕ್ಕೆ 25, ಮೆನ್‌ಲವ್ ಗಾರ್ಡನ್ಸ್ ಈಸ್ಟ್‌ಗೆ ಬರಬೇಕೆಂದು ಹೇಳಿಟ್ಟಿದ್ದರು. ಅಂಥ ರಸ್ತೆಯೇ ಇರಲಿಲ್ಲ. ಅದನ್ನು ಹುಡುಕಿ ಅಲೆದು ಬಂದೆ ಎಂಬುದು ಗಂಡನ ಮಾತು; ಕೊಂದ ಮೇಲೆಯೇ ಹೊರಟಿದ್ದ ಎಂಬುದು ಪೊಲೀಸರ ವಾದ.

ಸ್ಮಿತ್‌ಡೌನ್ ರೋಡ್ ಜಂಕ್ಷನ್ನಿನಲ್ಲಿ ಟ್ರಾಮ್ ಕಂಡಕ್ಟರ್ ಆತನನ್ನು ಕಂಡಿದ್ದು ಸುಮಾರು 7:06ಕ್ಕೆ. ಟ್ರಾಮ್ ಓಡುವುದು ವೇಳಾಪಟ್ಟಿಯಂತೆ, ಹಾಗಾಗಿ ಈ ಹೊತ್ತು ಗಟ್ಟಿ. ಪೊಲೀಸರು ಮನೆಯಿಂದ ಅಲ್ಲಿಗೆ ಹೋಗಿ ನೋಡಿದಾಗ 17ರಿಂದ 20 ನಿಮಿಷ ಹಿಡಿಯಿತು. ಅಂದರೆ ತೀರಾ ತಡವೆಂದರೂ 6:49ಕ್ಕೆ ಆತ ಮನೆ ಬಿಟ್ಟಿರಬೇಕು. ಆತನಿಗೆ 52 ವರ್ಷ, ಇದ್ದದ್ದು ಒಂದೇ ಮೂತ್ರಪಿಂಡ. ಗಟ್ಟಿಮುಟ್ಟಾದವರ ನಡಿಗೆ ಇಟ್ಟುಕೊಂಡು ಲೆಕ್ಕ ಹಾಕಿದರೆ ತಪ್ಪುತ್ತದೆ.

ಗಂಡನನ್ನು ಬಿಟ್ಟರೆ, ಗೊತ್ತಿರುವ ಮಟ್ಟಿಗೆ ಜೂಲಿಯಾ ಕೊನೆಯದಾಗಿ ಮಾತಾಡಿದ್ದು 14 ವರ್ಷದ ಹಾಲಿನ ಹುಡುಗನ ಜೊತೆ. ಅವನು ಮೊದಲು ಗೆಳೆಯರಿಗೆ ಹೇಳಿದ ಹೊತ್ತು 6:45. ಕೋರ್ಟಿನಲ್ಲಿ ಅದು 6:30ರ ಆಸುಪಾಸಿಗೆ ಬಂತು. ಪಕ್ಕದ ಮನೆಗೆ ಪೇಪರ್ ಹಾಕಲು ಬಂದ ಹುಡುಗ ಅವನನ್ನು ಬಾಗಿಲಲ್ಲಿ ಕಂಡಿದ್ದು 6:38ರ ಹೊತ್ತಿಗೆ. ಕಳೆದು ನೋಡಿ: 6:31 ಆದರೆ ಗಂಡನಿಗೆ 18 ನಿಮಿಷ, 6:38 ಆದರೆ 11, 6:45 ಆದರೆ ಬರೀ 4. ಅಷ್ಟರೊಳಗೆ ತಲೆಗೆ ಮತ್ತೆ ಮತ್ತೆ ಹೊಡೆಯಬೇಕು, ರಕ್ತ ತೊಳೆದುಕೊಳ್ಳಬೇಕು, ಹಣದ ಪೆಟ್ಟಿಗೆಯಿಂದ ಸುಮಾರು 4 ಪೌಂಡ್ ತೆಗೆದು ಪೆಟ್ಟಿಗೆಯನ್ನು ಇದ್ದಲ್ಲೇ ಇಡಬೇಕು, ಆಯುಧವನ್ನು ಸಾಗಿಸಬೇಕು. ಆತ ತೊಟ್ಟಿದ್ದ ಬಟ್ಟೆಯಲ್ಲಿ ರಕ್ತ ಸಿಗಲಿಲ್ಲ. ಬಹುತೇಕ ಹವ್ಯಾಸಿಗಳು ಎಡವುವುದು ಇಲ್ಲೇ: ತಮ್ಮ ಆರೋಪಿಗೆ ಹೊಂದುವ ನಿಮಿಷವನ್ನು ಆರಿಸಿಕೊಂಡು ಉಳಿದೆರಡನ್ನು ಮರೆತುಬಿಡುತ್ತಾರೆ.

ವೈದ್ಯರು ಹೇಳಿದ ಸಾವಿನ ಹೊತ್ತನ್ನು ಲಂಗರಿನಂತೆ ಹಿಡಿಯುವುದೂ ಅಪಾಯ. ರಾತ್ರಿ 10ರ ಹತ್ತಿರ ಬಂದ ಪ್ರೊಫೆಸರ್ ಮ್ಯಾಕ್‌ಫಾಲ್ ದೇಹದ ಉಷ್ಣತೆ ಅಳೆಯಲೇ ಇಲ್ಲ. ದೇಹ ಎಷ್ಟು ಸೆಟೆದಿದೆ ಎಂಬುದನ್ನಷ್ಟೇ ನೋಡಿ ಕೊನೆಗೆ ಸಂಜೆ 6 ಗಂಟೆ ಎಂದರು. ಆಗ ಜೂಲಿಯಾ ಇನ್ನೂ ಹಾಲು ತೆಗೆದುಕೊಂಡೇ ಇರಲಿಲ್ಲ! ಸೆಟೆಯುವಿಕೆ ಕೋಣೆಯ ಶಾಖ, ಮೈಕಟ್ಟು, ವಯಸ್ಸಿಗೆ ತಕ್ಕಂತೆ ಗಂಟೆಗಟ್ಟಲೆ ಹಿಂದೆ ಮುಂದೆ ಆಗುತ್ತದೆ. ಹತ್ತು ನಿಮಿಷದ ಜಗಳವನ್ನು ಅದು ಬಿಡಿಸಲಾರದು.

ನಿಮಿಷ ಸಿಗದ ಕಡೆ ಕ್ರಮ ಸಿಗಬಹುದು. ಶವದ ಪಕ್ಕ ಗ್ಯಾಸ್ ಒಲೆ ಇತ್ತು, ಕೋಣೆ ಬೆಚ್ಚಗಿಡುವಂಥದ್ದು. ಜೂಲಿಯಾ ಉಟ್ಟಿದ್ದ ಸ್ಕರ್ಟ್ ಸುಟ್ಟಿತ್ತು. ದೇಹದಡಿ ಸಿಕ್ಕಿದ ಗಂಡನ ಮಳೆಕೋಟೂ ಅರ್ಧಂಬರ್ಧ ಸುಟ್ಟಿತ್ತು. ಬೆಂಕಿ ಹಚ್ಚಿದ್ದು ಮೊದಲು, ಬಟ್ಟೆ ಹೊತ್ತಿದ್ದು ಆಮೇಲೆ. ಪತ್ತೆಯಾಗುವ ಹೊತ್ತಿಗೆ ಒಲೆ ಆರಿತ್ತು. ಆ ಕೋಣೆ ಬಳಸುತ್ತಿದ್ದುದು ಅತಿಥಿಗಳು ಬಂದಾಗ ಅಥವಾ ಸಂಗೀತಕ್ಕೆ. ಇಷ್ಟನ್ನು ಧೈರ್ಯವಾಗಿ ಹೇಳಬಹುದು. 'ಯಾರೋ ಪರಿಚಯದವರು ಬಂದಿದ್ದರು' ಎಂದು ಮುಂದುವರಿದರೆ ಅದು ಊಹೆ, ಹಾಳೆಯಲ್ಲಿ ಬೇರೆ ಬಣ್ಣದಲ್ಲಿ ಬರೆಯಬೇಕು.

ಫೋನ್ ಕರೆಯೂ ಹೀಗೆಯೇ. ಸಂಪರ್ಕ ಸಿಗದೆ ತೊಂದರೆಯಾದ್ದರಿಂದ ಎಕ್ಸ್‌ಚೇಂಜಿನವರು ಅದನ್ನು ಬರೆದಿಟ್ಟರು. ಕರೆ ಬಂದಿದ್ದು ಮನೆಯಿಂದ ಸುಮಾರು 400 ಗಜ ದೂರದ ಬೂತಿನಿಂದ. ಜಾಗ ಗೊತ್ತಾಯಿತು, ಹೊತ್ತು ಗೊತ್ತಾಯಿತು, ಮಾತಾಡಿದವರು ಮಾತ್ರ ಗೊತ್ತಾಗಲಿಲ್ಲ. ಗಂಡನೇ ಕ್ಲಬ್ಬಿಗೆ ಹೊರಟ ದಾರಿಯಲ್ಲಿ ಮಾಡಿರಬಹುದು, ಆತ ಹೊರಟಿದ್ದನ್ನು ಕಾದು ನೋಡಿದವರೂ ಮಾಡಿರಬಹುದು. ಕರೆ ತೆಗೆದುಕೊಂಡ ಕ್ಲಬ್ಬಿನ ಕ್ಯಾಪ್ಟನ್ನಿಗೆ ವಾಲೆಸ್ ಪರಿಚಿತ. ಅದು ಆತನ ದನಿ ಅನ್ನಿಸಲಿಲ್ಲ ಎಂದರು.

ಏಪ್ರಿಲ್‌ನಲ್ಲಿ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಆತನೇ ಅಪರಾಧಿ ಎಂದಿತು. ಸಾಕ್ಷ್ಯ ಈ ತೀರ್ಪನ್ನು ಹೊರಲಾರದು ಎಂದು ಮೇಲ್ಮನವಿ ನ್ಯಾಯಾಲಯ ಮೇ ತಿಂಗಳಲ್ಲಿ ಅದನ್ನು ರದ್ದು ಮಾಡಿತು. ಅಂದಿನಿಂದ ಬೇರೆ ಹೆಸರುಗಳು ತೇಲುತ್ತಲೇ ಇವೆ. ಆದರೆ ನಿಮಿಷಗಳ ಬಿಗಿ ಲೆಕ್ಕ ಕಟ್ಟಿಹಾಕುವುದು ಗಂಡನನ್ನು ಮಾತ್ರ. ಬೇರೆಯವರಿಗೆ ಆತ ಹೊರಟಾಗಿನಿಂದ 8:45ರವರೆಗೆ ಹತ್ತಿರ ಹತ್ತಿರ ಎರಡು ಗಂಟೆ ಬಿಡುವಿದೆ. ಗಂಡನಿಗೆ ಸಮಯ ಸಾಲದು ಎಂದು ತೋರಿಸಿದ ಮಾತ್ರಕ್ಕೆ ಇನ್ನೊಬ್ಬರ ಮೇಲಿನ ಆರೋಪ ಸಾಬೀತಾಗುವುದಿಲ್ಲ. ಹೊಸ ಹೆಸರು ಕೇಳಿಬಂದರೆ, ಆ ಮಂಗಳವಾರ ಸಂಜೆ ಆ ವ್ಯಕ್ತಿ ಎಲ್ಲಿದ್ದ ಎಂಬುದಕ್ಕೆ ಯಾವ ಗಡಿಯಾರದ ಆಧಾರವಿದೆ, ಅದನ್ನು ಬರೆದಿಟ್ಟಿದ್ದು ಯಾವಾಗ ಎಂದು ಕೇಳಿ.