ತತ್ತಿ ಸಿಪ್ಪೆ ಮಣ್ಣಿನಲ್ಲಿ ಕರಗೋದು ಯಾವಾಗ? ನನ್ನ ಟಿಪ್ಪಣಿ

ಮಣ್ಣಿನ ಪಾಠದ ಕಿರುಪರೀಕ್ಷೆ ಮೊನ್ನೆ ಮುಗಿಯಿತು. ತತ್ತಿ ಸಿಪ್ಪೆಯ ಲೆಕ್ಕದಲ್ಲಿ ನಾನು ಎಲ್ಲಿ ತಪ್ಪಿದೆ ಅನ್ನೋದು ಈಗ ಕೈಗೆ ಸಿಕ್ಕಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಪುಸ್ತಕದಲ್ಲಿ ಮೊಟ್ಟೆಯ ಚಿಪ್ಪು ಅಂತ ಇರುತ್ತದೆ. ನಮ್ಮ ಹುಬ್ಬಳ್ಳಿ ಕಡೆ ತತ್ತಿ ಅಂದರೇ ಬಾಯಿಗೆ ಬರೋದು, ಹಾಗೇ ಬರೆಯುತ್ತೇನೆ.

ಮೊದಲು ಸಿಪ್ಪೆ ಅಂದರೆ ಏನು ಅಂತ ಗಟ್ಟಿ ಮಾಡಿಕೊಳ್ಳಿ. ಅದರಲ್ಲಿ ನೂರಕ್ಕೆ ಸುಮಾರು 95 ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದ ಕಲ್ಲು ಇದೇ, ಚಾಕ್ ಕಲ್ಲೂ ಇದೇ. ಸಾರಜನಕ ಇಲ್ಲ ಅನ್ನುವಷ್ಟು ಕಡಿಮೆ, ಪೊಟ್ಯಾಶ್ ಕೂಡ ಹಾಗೇ. ಅಂದಮೇಲೆ ಗಿಡ ಹಳದಿಯಾಗಿದೆ ಅಂತ ಸಿಪ್ಪೆ ಹಾಕಿದರೆ ಸಾರಜನಕದ ಕೊರತೆ ತೀರುವುದಿಲ್ಲ. ಗೊಬ್ಬರ ಅನ್ನುವುದಕ್ಕಿಂತ ಕಲ್ಲು ಅಂತಲೇ ನೆನಪಿಟ್ಟುಕೊಳ್ಳಿ. ಕಲ್ಲು ಕರಗಬೇಕಾದರೆ ಹುಳಿ ಬೇಕು, ಅಂದರೆ ಆಮ್ಲ. ಮುಂದಿನದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ನಾನು ಎಡವಿದ ಜಾಗ: ವಿನೆಗರ್ ಲೆಕ್ಕ

ಮನೆಯಲ್ಲಿ ನಾಲ್ಕು ಸಿಪ್ಪೆ ಪುಡಿ ಮಾಡಿ ಗಾಜಿನ ಲೋಟಕ್ಕೆ ಹಾಕಿ, ಮೇಲೆ ಎರಡು ಟೀ ಚಮಚ ವಿನೆಗರ್ ಸುರಿದೆ. ಬುಸ್ ಅಂತ ನೊರೆ ಎದ್ದಿತು. ಸ್ವಲ್ಪ ಹೊತ್ತಿಗೆ ನಿಂತಿತು. ನೊರೆ ನಿಂತಿತು ಅಂದರೆ ಎಲ್ಲ ಕರಗಿತು ಅಂದುಕೊಂಡೆ. ಬೆಳಿಗ್ಗೆ ನೋಡಿದರೆ ಪುಡಿ ಇದ್ದ ಹಾಗೇ ತಳದಲ್ಲಿ ಕೂತಿತ್ತು. ನಿಂತಿದ್ದು ಹುಳಿ ತೀರಿದ್ದರಿಂದ, ಸಿಪ್ಪೆ ತೀರಿದ್ದರಿಂದ ಅಲ್ಲ.

ಒಂದು ಸಿಪ್ಪೆಗೆ ಎಷ್ಟು ವಿನೆಗರ್ ಬೇಕು ಅಂತ ಲೆಕ್ಕ ಹಾಕೋಣ. ತೊಳೆದು ಒಣಗಿಸಿದ ಸಿಪ್ಪೆ 5 ಗ್ರಾಂ ಇದೆ ಅಂತಿಟ್ಟುಕೊಳ್ಳಿ. ಅದರಲ್ಲಿ ಕಾರ್ಬೊನೇಟ್ 4.75 ಗ್ರಾಂ. ಮೋಲ್ ಅಂದರೆ ಡಜನ್ ಇದ್ದ ಹಾಗೆ, ಅಣುಗಳನ್ನು ಎಣಿಸುವ ಒಂದು ಅಳತೆ. ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ಮೋಲ್ ಅಂದರೆ 100 ಗ್ರಾಂ. ಹಾಗಾಗಿ ನಮ್ಮ ಹತ್ತಿರ ಇರೋದು 0.0475 ಮೋಲ್. ಇಲ್ಲಿಯವರೆಗೆ ಸುಲಭ.

ನಾನು ಇದಕ್ಕೆ ಅಷ್ಟೇ ಮೋಲ್ ಹುಳಿ ಸಾಕು ಅಂದುಕೊಂಡೆ. ತಪ್ಪಿದ್ದು ಇಲ್ಲೇ. ಎರಡು ಪಟ್ಟು ಬೇಕು. ಯಾಕೆ ಅಂತ ತಿಳಿಯದೆ ಸುಮ್ನೆ ಎರಡರಿಂದ ಗುಣಿಸಿದರೆ ಪರೀಕ್ಷೆಯಲ್ಲಿ ಮತ್ತೆ ಮರೆತೇ ಹೋಗುತ್ತದೆ. ನನಗೆ ಹೊಳೆದದ್ದು ಹೀಗೆ: ಕ್ಯಾಲ್ಸಿಯಂಗೆ ಎರಡು ಕೈ ಇವೆ. ಕಾರ್ಬೊನೇಟಿಗೂ ಎರಡು ಕೈ. ಇಬ್ಬರೂ ಎರಡೂ ಕೈ ಹಿಡಿದು ನಿಂತಿದ್ದಾರೆ. ವಿನೆಗರಿನ ಹುಳಿಗೆ, ಅಂದರೆ ಅಸಿಟಿಕ್ ಆಮ್ಲಕ್ಕೆ, ಬಿಟ್ಟುಕೊಡಲು ಇರುವುದು ಒಂದೇ ಹೈಡ್ರೋಜನ್. ಒಂದು ಅಣು ಬಂದು ಒಂದು ಕೈ ಬಿಡಿಸಿದರೆ ಇನ್ನೊಂದು ಕೈ ಹಿಡಿದೇ ಇರುತ್ತದೆ. ಎರಡನೇ ಅಣು ಬಂದಾಗಲೇ ಕಾರ್ಬೊನೇಟ್ ಪೂರ್ತಿ ಬಿಡುಗಡೆಯಾಗಿ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಬಿಟ್ಟ ಕ್ಯಾಲ್ಸಿಯಂನ ಎರಡು ಕೈಗಳನ್ನು ಎರಡು ಅಸಿಟೇಟ್ (ಹೈಡ್ರೋಜನ್ ಬಿಟ್ಟ ಮೇಲೆ ಅಸಿಟಿಕ್ ಆಮ್ಲದಲ್ಲಿ ಉಳಿದ ಭಾಗ) ಬಂದು ಹಿಡಿಯುತ್ತವೆ. ಕೈ ಎಣಿಸಿದರೆ ಸಾಕು, ಸಮೀಕರಣ ಬಾಯಿಪಾಠ ಬೇಕಾಗಿಲ್ಲ.

ಈಗ ಮುಂದೆ. 0.0475 ಅನ್ನು ಎರಡರಿಂದ ಗುಣಿಸಿದರೆ 0.095 ಮೋಲ್. ಅಸಿಟಿಕ್ ಆಮ್ಲದ ಮೋಲ್ 60 ಗ್ರಾಂ, ಆದ್ದರಿಂದ 5.7 ಗ್ರಾಂ ಆಮ್ಲ. ನಾನು ತಂದ ಬಾಟಲಿ ಮೇಲೆ ಶೇ. 4 ಅಂತ ಇತ್ತು. 100 ಮಿ.ಲೀ.ನಲ್ಲಿ 4 ಗ್ರಾಂ ಅಂತ ಹಿಡಿದರೆ ಒಂದೇ ಸಿಪ್ಪೆಗೆ ಸುಮಾರು 142 ಮಿ.ಲೀ. ವಿನೆಗರ್ ಬೇಕು! ನಾನು ನಾಲ್ಕು ಸಿಪ್ಪೆಗೆ ಹಾಕಿದ್ದು 10 ಮಿ.ಲೀ. ಅದರಲ್ಲಿ ಇದ್ದ ಹುಳಿ 0.4 ಗ್ರಾಂ. ಅದು ಕರಗಿಸಿದ್ದು ಒಂದು ಗ್ರಾಂನ ಮೂರನೇ ಒಂದು ಭಾಗ ಮಾತ್ರ, ಅದೂ 20 ಗ್ರಾಂನಲ್ಲಿ. ಬೆಳಿಗ್ಗೆ ಪುಡಿ ಹಾಗೇ ಕಂಡಿದ್ದರಲ್ಲಿ ಆಶ್ಚರ್ಯ ಇಲ್ಲ ಅಲ್ವಾ.

ಇದೇ ಲೆಕ್ಕದಿಂದ ಒಂದು ಎಚ್ಚರಿಕೆ ಬರುತ್ತದೆ. 0.0475 ಮೋಲ್ ಕಾರ್ಬೊನೇಟ್ ಅಷ್ಟೇ ಮೋಲ್ ಗಾಳಿ ಬಿಡುತ್ತದೆ. ನಮ್ಮ ಕೋಣೆಯ ಬಿಸಿಗೆ ಅದು ಒಂದು ಲೀಟರಿಗಿಂತ ಜಾಸ್ತಿ. ಒಂದೇ ಒಂದು ಸಿಪ್ಪೆಯಿಂದ! ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಲೇಬೇಡಿ. ಬಾಯಿಗೆ ತೆಳು ಬಟ್ಟೆ ಕಟ್ಟಿ, ಸಾಕು.

ಎರಿ ಮಣ್ಣು, ಕೆಂಪು ಮಣ್ಣು

ಮಣ್ಣಿನಲ್ಲೂ ಇದೇ ಕಥೆ. ಹುಳಿ ಇದ್ದರೆ ಸಿಪ್ಪೆ ಕರಗುತ್ತದೆ, ಇಲ್ಲದಿದ್ದರೆ ಕೂತಿರುತ್ತದೆ. ನಮ್ಮ ಧಾರವಾಡ ಜಿಲ್ಲೆ ಇದನ್ನು ಕಲಿಯೋಕೆ ಹೇಳಿ ಮಾಡಿಸಿದ ಜಾಗ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ ಕಡೆ ಹತ್ತಿ, ಕಡಲೆ ಬೆಳೆಯುವ ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರ ಕಡೆ ಹೋದರೆ ಮಲೆನಾಡಿನ ಸೆರಗು, ಭತ್ತದ ಗದ್ದೆ, ಕೆಂಪು ಮಣ್ಣು.

ನಾನು ಎರಡೂ ಕಡೆಯಿಂದ ಒಂದೊಂದು ಮುಷ್ಟಿ ಮಣ್ಣು ತರಿಸಿ ಎರಡು ಬಟ್ಟಲಲ್ಲಿ ಇಟ್ಟೆ. ನವಲಗುಂದದ ಮಣ್ಣಿನಲ್ಲಿ ಜೋಳದ ಕಾಳಿನಷ್ಟು ಬಿಳಿ ಹರಳುಗಳಿದ್ದವು. ಒಂದು ಹರಳಿನ ಮೇಲೆ ವಿನೆಗರ್ ಹನಿ ಬಿಟ್ಟೆ. ಸಣ್ಣಗೆ ಚುರುಗುಟ್ಟಿತು, ಅಂಚಿನಲ್ಲಿ ಗುಳ್ಳೆ ಸಾಲುಗಟ್ಟಿದವು. ಕಿವಿ ಹತ್ತಿರ ಹಿಡಿದರೆ ಸದ್ದು ಕೇಳುತ್ತಿತ್ತು. ಕಲಘಟಗಿ ಮಣ್ಣಿನ ಮೇಲೆ ಹನಿ ಬಿಟ್ಟರೆ ಇಂಗಿ ಹೋಯಿತು, ಏನೂ ಇಲ್ಲ. ಎರಿ ಮಣ್ಣಿನಲ್ಲಿ ಸುಣ್ಣ ಆಗಲೇ ಇದೆ. ಅದಕ್ಕೆ ತತ್ತಿ ಸಿಪ್ಪೆ ಹಾಕುವುದು ತುಂಬಿದ ಕೆರೆಗೆ ಕೊಡ ನೀರು ಹೊತ್ತ ಹಾಗೆ.

ಸಂಖ್ಯೆಯಲ್ಲಿ ಹೇಳುವುದಾದರೆ, ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ) 8 ಇರುವ ಮಣ್ಣಿಗೂ 5.5 ಇರುವ ಮಣ್ಣಿಗೂ ಅಂತರ ಎರಡೂವರೆ ಅಂತ ಕಾಣುತ್ತದೆ. ಆದರೆ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು. ಹೀಗಾಗಿ ಹುಳಿಯ ಅಂತರ 300 ಪಟ್ಟಿಗೂ ಜಾಸ್ತಿ. ಹುಳಿ ಇರುವ ಕೆಂಪು ಮಣ್ಣಿನ ಕುಂಡಕ್ಕೆ ಹಾಕಿ, ಎರಿ ಮಣ್ಣಿಗೆ ಬೇಡ.

ಇನ್ನು ಪುಡಿಯ ಮಾತು. ಕೈಯಲ್ಲಿ ಮುರಿದ ಚೂರು ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಹಳೆಯ ಕಾಂಪೋಸ್ಟ್ ಕೆದಕಿದರೆ ಬೆಳ್ಳಗೆ ಕಾಣುವುದು ಅದೇ. ಹುಳಿ ಮುಟ್ಟೋದು ಮೈ ಮೇಲೆ ಮಾತ್ರ, ಆದ್ದರಿಂದ ಮೈ ಹೆಚ್ಚಾಗಬೇಕು. ಹಿಟ್ಟಿನ ಹಾಗೆ ನುಣ್ಣಗೆ ಆಗುವವರೆಗೆ ತಿರುವಿ. ಹಳೇ ಮಿಕ್ಸರ್ ಜಾರ್ ಇದ್ದರೆ ಒಳ್ಳೆಯದು. ತಿರುವಿದ ತಕ್ಷಣ ಮುಚ್ಚಳ ತೆಗೆಯಬೇಡಿ, ಧೂಳು ಮೂಗಿಗೆ ಹೋಗುತ್ತದೆ.

ತಿರುವುವ ಮೊದಲು ತೊಳೆದು, ಹತ್ತು ನಿಮಿಷ ಕುದಿಸಿ, ಒಣಗಿಸಿ. ಹಸಿ ಸಿಪ್ಪೆಯ ಮೇಲೆ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರಬಹುದು. ಒಳಗಿನ ಬಿಳಿ ಪೊರೆ ಉಳಿದರೆ ವಾಸನೆ ಬಂದು ಇಲಿ ಬರುತ್ತವೆ. ನಮ್ಮ ಓಣಿಯ ಎಗ್ ರೈಸ್ ಗಾಡಿಯಿಂದ ನಾನು ಸಿಪ್ಪೆ ತರುತ್ತೇನೆ. ಮೊದಲ ದಿನ ಅವರು, "ಇದನ್ನ ಒಯ್ದು ಏನ್ ಮಾಡ್ತೀರ್ರಿ ಅಕ್ಕಾರ?" ಅಂದರು. ಈಗ ಬೇರೆ ಚೀಲದಲ್ಲೇ ಕೂಡಿಟ್ಟಿರುತ್ತಾರೆ.

ತವದ ಮೇಲೆ ಹುರಿದರೆ ಸುಟ್ಟ ಸುಣ್ಣ ಆಗುತ್ತದಾ ಅಂತ ಗೆಳತಿ ಕೇಳಿದಳು. ಇಲ್ಲ. ಅದಕ್ಕೆ 800 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಕಾವು ಬೇಕು, ಸುಣ್ಣದ ಭಟ್ಟಿಯಲ್ಲಿ ಇರುವಂಥದ್ದು. ತವದ ಮೇಲೆ ಪೊರೆ ಕರಕಲಾಗುತ್ತದೆ, ಅಷ್ಟೇ.

ಟೊಮೆಟೊ

ಟೊಮೆಟೊ ಕಾಯಿಯ ತೊಟ್ಟಿನ ಎದುರು ತುದಿ ಕಪ್ಪಾಗಿ, ತೊಗಲಿನ ಹಾಗೆ ಒಳಗೆ ಕುಸಿಯುತ್ತದಲ್ಲ, ಅದು ಕಾಯಿಗೆ ಕ್ಯಾಲ್ಸಿಯಂ ಸಾಲದೆ ಬರುವುದು. ಹಾಗಂತ ಮಣ್ಣಿನಲ್ಲಿ ಇಲ್ಲ ಅಂತ ಅರ್ಥ ಅಲ್ಲ. ಕ್ಯಾಲ್ಸಿಯಂ ನೀರಿನ ಜೊತೆಗೇ ಮೇಲೆ ಏರುತ್ತದೆ. ಎಲೆಯಿಂದ ನೀರು ಜಾಸ್ತಿ ಆವಿಯಾಗುವುದರಿಂದ ಹೆಚ್ಚಿನ ಪಾಲು ಎಲೆಗೇ ಹೋಗುತ್ತದೆ. ಕಾಯಿಗೆ ಸಿಗೋದು ಕಡಿಮೆ. ನಡುವೆ ಮಣ್ಣು ಒಣಗಿದರೆ ಅದೂ ಇಲ್ಲ. ನಮ್ಮ ಓಣಿಗೆ ನಳದ ನೀರು ವಾರಕ್ಕೊಮ್ಮೆ. ನೀರು ಬಂದ ದಿನ ಕುಂಡ ತುಂಬಿಸಿ, ಆಮೇಲೆ ಒಣಗಲು ಬಿಡುತ್ತಿದ್ದೆ. ಮೂರು ಚಮಚ ಸಿಪ್ಪೆ ಪುಡಿ ಹಾಕಿದರೂ ಕಾಯಿ ಕಪ್ಪಾದವು. ಬಕೆಟ್‌ನಲ್ಲಿ ನೀರು ಹಿಡಿದಿಟ್ಟು ದಿನಾ ಒಂದು ತಂಬಿಗೆ ಹಾಕಿ, ಮೇಲೆ ಒಣ ಎಲೆ ಹೊದಿಸಿದ ಮೇಲೆ ಬಿಟ್ಟ ಕಾಯಿಗಳು ಚೆನ್ನಾಗಿ ಬಂದವು.

ಉಳಿದವು

ಬಸವನಹುಳು ತಡೆಯಲು ಸಿಪ್ಪೆ ಚೂರಿನ ಬೇಲಿ ಹಾಕುತ್ತಾರೆ. ಮಳೆಗಾಲದಲ್ಲಿ ಅವು ಅದರ ಮೇಲೇ ದಾಟಿ ಹೋದದ್ದನ್ನು ಟಾರ್ಚ್ ಹಿಡಿದು ನೋಡಿದೆ.

ಅರ್ಧ ಸಿಪ್ಪೆಯಲ್ಲಿ ಸಸಿ ಮಾಡಬಹುದು. ತಳಕ್ಕೆ ತೂತು ಬೇಕು. ನೆಡುವಾಗ ಸಿಪ್ಪೆಯನ್ನು ಹಿಸುಕಿ ಒಡೆದು ನೆಡಿ, ಇಲ್ಲದಿದ್ದರೆ ಬೇರು ಒಳಗೇ ಸುತ್ತುತ್ತದೆ.

ಪಾತ್ರೆ ತಿಕ್ಕಲು ಪುಡಿ ಒಳ್ಳೆಯದು. ಇದರ ಗಡಸುತನ ಮೋಸ್ ಅಳತೆಯಲ್ಲಿ ಸುಮಾರು 3, ಗಾಜಿನದು 5.5. ಬಾಯಿ ಸಣ್ಣ ಇರುವ ಗಾಜಿನ ಬಾಟಲಿಗೆ ಚೂರು, ಸ್ವಲ್ಪ ನೀರು ಹಾಕಿ ಅಲ್ಲಾಡಿಸಿದರೆ ತಳದ ಜಿಡ್ಡು ಬಿಡುತ್ತದೆ. ಅಲ್ಯುಮಿನಿಯಂ ಇದಕ್ಕಿಂತ ಮೆತ್ತಗೆ, ಗೀರು ಬೀಳುತ್ತದೆ. ನಾನ್‌ಸ್ಟಿಕ್ ತವಕ್ಕಂತೂ ಬೇಡವೇ ಬೇಡ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಿಪ್ಪೆಯನ್ನು ಮತ್ತೆ ಕೋಳಿಗೇ ಕೊಡೋದು. ಮೇಲಿನ ಲೆಕ್ಕವನ್ನೇ ಮುಂದುವರಿಸಿ. ಕ್ಯಾಲ್ಸಿಯಂ ಕಾರ್ಬೊನೇಟಿನಲ್ಲಿ ಶೇ. 40 ಕ್ಯಾಲ್ಸಿಯಂ, ಆದ್ದರಿಂದ ಒಂದು ಸಿಪ್ಪೆಯಲ್ಲಿ ಸುಮಾರು 1.9 ಗ್ರಾಂ. ದಿನಾ ತತ್ತಿ ಇಡುವ ಕೋಳಿಗೆ ದಿನಕ್ಕೆ 4 ಗ್ರಾಂ ಆಸುಪಾಸು ಕ್ಯಾಲ್ಸಿಯಂ ಬೇಕು, ಯಾಕಂದರೆ ತಿಂದದ್ದೆಲ್ಲ ಸಿಪ್ಪೆಗೆ ಹೋಗುವುದಿಲ್ಲ. ಕುಂದಗೋಳದಲ್ಲಿ ನಮ್ಮ ಅಜ್ಜಿ ಮೊದಲಿನಿಂದಲೂ ಸಿಪ್ಪೆ ಹುರಿದು, ಕುಟ್ಟಿ ಹಾಕುತ್ತಾರೆ. "ಇದ್ದ ಹಂಗ ಹಾಕಬ್ಯಾಡವಾ, ರುಚಿ ಹತ್ತಿದ್ರ ತನ್ನ ತತ್ತಿ ತಾನ ಒಡಕೊಂಡು ತಿಂತೈತಿ" ಅಂದರು. ಗುರುತು ಸಿಗದಷ್ಟು ಸಣ್ಣಗೆ ಕುಟ್ಟಬೇಕು. ಕಾಳಿನ ಜೊತೆ ಬೆರೆಸದೆ ಬೇರೆ ಬಟ್ಟಲಲ್ಲಿ ಇಡಬೇಕು. ಹುಂಜಕ್ಕೂ ಮರಿಗೂ ಅಷ್ಟು ಸುಣ್ಣ ಬೇಡ. ಬೇಕಾದ ಕೋಳಿ ತಾನಾಗಿ ಬಂದು ಕುಕ್ಕುತ್ತದೆ.