‘ಈಜೋಕೆ ಬರುತ್ತಾ?’ ಮತ್ತು ಇಂಗ್ಲಿಷಿನ ‘ಟು’

“ನಿನಗೆ ಈಜೋಕೆ ಬರುತ್ತಾ?” ಅಂತ ಎಷ್ಟು ಸಲೀಸಾಗಿ ಕೇಳುತ್ತೇವೆ ಅಲ್ವಾ? ಆ ‘ಕೆ’ ಅಲ್ಲಿ ಏನು ಮಾಡುತ್ತಿದೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ‘ಮರಕ್ಕೆ ನೀರು’, ‘ಕೆಲಸಕ್ಕೆ ಹೋದ’ ಅನ್ನುವಾಗ ಬರುವ ಅದೇ ‘ಕ್ಕೆ’ ಇದು. ಈಜುವುದಕ್ಕೆ, ಈಜೋದಕ್ಕೆ, ಈಜೋಕೆ ಅಂತ ಬಾಯಲ್ಲಿ ಸವೆದಿದೆ, ಅಷ್ಟೇ. ಆದರೆ ಈಜು ಅನ್ನೋದು ಊರಲ್ಲ, ಅಲ್ಲಿಗೆ ಯಾರೂ ಬಸ್ಸು ಹತ್ತಿ ಹೋಗುವುದಿಲ್ಲ. ಮತ್ತೆ ‘ಕ್ಕೆ’ ಯಾಕೆ?

ಇಂಗ್ಲಿಷಿನ ‘ಟು ಸ್ವಿಮ್’ನಲ್ಲಿರುವ ‘ಟು’ ಕಥೆಯೂ ಇದೇ. ಶಾಲೆಯಲ್ಲಿ ನಮ್ಮ ಮೇಷ್ಟ್ರು ‘ಇನ್ಫಿನಿಟಿವ್ ಅಂದರೆ ಟು ಪ್ಲಸ್ ಕ್ರಿಯಾಪದ’ ಅಂತ ಬೋರ್ಡಿನ ಮೇಲೆ ಬರೆದು ಸುತ್ತ ಚೌಕ ಹಾಕಿದ್ದರು. ಅದು ಅರ್ಧ ನಿಜ. ಉಳಿದ ಅರ್ಧ ಯಾರೂ ಹೇಳದ್ದಕ್ಕೇ ‘ಹಿ ಮೇಡ್ ಮಿ ಟು ವೇಟ್’, ‘ಲೆಟ್ ಮಿ ಟು ನೋ’ ಅಂತ ಇವತ್ತಿಗೂ ಬರೆಯುತ್ತಿದ್ದೇವೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇನ್ಫಿನಿಟಿವ್‌ಗೆ ‘ಟು’ ಬೇಕಿರಲೇ ಇಲ್ಲ. ಗುರುತು ಪದದ ಬಾಲದಲ್ಲೇ ಇತ್ತು. ಕುಡಿ ಎಂಬುದಕ್ಕೆ ‘ಡ್ರಿಂಕಾನ್’. ನಮ್ಮ ‘ಕುಡಿಯಲು’ ಇದ್ದ ಹಾಗೆ. ಇದರ ಜೊತೆಗೆ ಇನ್ನೊಂದು ರೂಪವೂ ಇತ್ತು: ‘ಟೋ ಡ್ರಿಂಕೆನ್ನೆ’. ಅದೇ ಪದಕ್ಕೆ ನಾಲ್ಕನೇ ವಿಭಕ್ತಿ ಹಚ್ಚಿ, ಮುಂದೆ ‘ಕಡೆಗೆ’ ಅನ್ನುವ ಅರ್ಥದ ‘ಟೋ’ ಇಟ್ಟದ್ದು. ಅಂದರೆ ಹೆಚ್ಚು ಕಮ್ಮಿ ನಮ್ಮ ‘ಕುಡಿಯೋದಕ್ಕೆ’.

ನನಗೆ ತುಂಬ ಇಷ್ಟವಾಗುವ ಸಂಗತಿ ಇದು. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಸಹಿಸಿಕೊಳ್ಳಿ. ‘ಮಾರ್ಕೆಟ್ಟಿಗೆ ಹೋದೆ’ ಅನ್ನಿ. ಇಲ್ಲಿ ‘ಗೆ’ ಒಂದು ಜಾಗ ತೋರಿಸುತ್ತದೆ. ‘ತರಕಾರಿ ತರೋಕೆ ಹೋದೆ’ ಅಂದಾಗ ಜಾಗ ಹೋಗಿ ಉದ್ದೇಶ ಬಂತು. ಮನಸ್ಸು ಅದರ ಕಡೆಗೆ ಹೊರಟಿದೆ. ‘ಮಳೆ ಬರೋಕೆ ಶುರುವಾಯ್ತು’ ಅಂದಾಗ ಉದ್ದೇಶವೂ ಮಾಯ. ಮಳೆಗೆ ಎಂಥ ಉದ್ದೇಶ? ಕೊನೆಗೆ ‘ಈಜೋಕೆ ಬರುತ್ತೆ’. ಇಲ್ಲಿ ‘ಕೆ’ ಬರೀ ಗುರುತು. ಡಿಪೋದಲ್ಲಿ ನಿಂತ ಬಸ್ಸಿನ ಬೋರ್ಡಿನಲ್ಲೂ ಊರ ಹೆಸರು ಇರುತ್ತದಲ್ಲ, ಹಾಗೆ. ಬಸ್ಸು ಎಲ್ಲಿಗೂ ಹೋಗುತ್ತಿಲ್ಲ, ಬೋರ್ಡು ಮಾತ್ರ ಉಳಿದಿದೆ. ಅಥವಾ ಸವೆದ ನಾಣ್ಯ ಅನ್ನಿ. ಮುದ್ರೆ ಅಳಿಸಿದರೂ ಅಂಗಡಿಯಲ್ಲಿ ನಡೆಯುತ್ತದೆ.

ಜಾಗ, ಆಮೇಲೆ ಉದ್ದೇಶ, ಆಮೇಲೆ ಬರೀ ಗುರುತು. ‘ಟು’ ನಡೆದದ್ದೂ ಇದೇ ದಾರಿ. ಜರ್ಮನ್ನಿನ ‘ತ್ಸು’ ಹೀಗೇ ನಡೆಯಿತು. ಲ್ಯಾಟಿನ್ನಿನ ‘ಆದ್’, ಅಂದರೆ ‘ಕಡೆಗೆ’, ಸವೆದು ಸವೆದು ರುಮೇನಿಯನ್ ಇನ್ಫಿನಿಟಿವ್ ಮುಂದೆ ‘ಆ’ ಆಗಿ ಕೂತಿದೆ. ಕನ್ನಡಕ್ಕೂ ಇಂಗ್ಲಿಷಿಗೂ ನೆಂಟಸ್ತನವಿಲ್ಲ. ಆದರೂ ಇಬ್ಬರೂ ಒಂದೇ ಕಾಲುದಾರಿ ತುಳಿದರು.

ಆಮೇಲೆ ಇಂಗ್ಲಿಷಿನಲ್ಲಿ ಬಾಲಗಳು ಉದುರಿದವು. ಡ್ರಿಂಕಾನ್ ಹೋಗಿ ಡ್ರಿಂಕೆನ್, ಅದು ಹೋಗಿ ಡ್ರಿಂಕೆ, ಕೊನೆಗೆ ಡ್ರಿಂಕ್. ಬಾಲ ಹೋದಮೇಲೆ ಗುರುತು ಹಿಡಿಯೋಕೆ ಉಳಿದದ್ದು ‘ಟು’ ಒಂದೇ. ಅದು ಎಲ್ಲ ಕಡೆ ಹಬ್ಬಿತು.

ಎಲ್ಲ ಕಡೆ ಅಂದರೆ, ಪೂರ್ತಿ ಅಲ್ಲ. ಕ್ಯಾನ್, ಮೇ, ಮಸ್ಟ್, ವಿಲ್, ಶಲ್ ಮುಂತಾದ ಹಳೆಯ ತಲೆಗಳು ಮೊದಲೇ ಬರಿಯ ಇನ್ಫಿನಿಟಿವ್ ಜೊತೆ ಸಂಸಾರ ಹೂಡಿದ್ದವು. ‘ಟು’ವನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಕನ್ನಡದಲ್ಲೂ ನೋಡಿ: ‘ಮಾಡಬೇಕು’, ‘ಮಾಡಬಹುದು’, ‘ಮಾಡಬಾರದು’. ಯಾರೂ ‘ಮಾಡೋಕೆ ಬಹುದು’ ಅನ್ನುವುದಿಲ್ಲ. ಹಾಗಾಗಿ ‘ಮಸ್ಟ್ ಟು ಗೋ’ ತಪ್ಪು ಅನ್ನೋದು ಕನ್ನಡದ ಕಿವಿಗೆ ಸುಲಭವಾಗಿ ಹೊಳೆಯಬೇಕು. ಈ ಅಳತೆಗೋಲು ಎಲ್ಲ ಕಡೆ ಸರಿಹೋಗುವುದಿಲ್ಲ, ಅದೂ ನಿಜ. ‘ನನಗೆ ಹೋಗಬೇಕು’ ಅನ್ನೋದು ಇಂಗ್ಲಿಷಿನಲ್ಲಿ ‘ಐ ವಾಂಟ್ ಟು ಗೋ’. ‘ಆಟ್’ (ought) ಕೂಡ ‘ಟು’ ಕೇಳುತ್ತದೆ. ‘ಹೆಲ್ಪ್’ಗೆ ಎರಡೂ ಆಗುತ್ತದೆ.

ಈಗ ‘ಹಿ ಮೇಡ್ ಮಿ ಟು ವೇಟ್’. ಇಂದಿನ ಇಂಗ್ಲಿಷಿನಲ್ಲಿ ‘ಹಿ ಮೇಡ್ ಮಿ ವೇಟ್’ ಅನ್ನಬೇಕು. ಆದರೆ ‘ಟು’ ಹಾಕಿ ಬರೆದವರನ್ನು ನೋಡಿ ನಗುವವರಿಗೆ ಒಂದು ಮಾತು. 1611ರ ಇಂಗ್ಲಿಷ್ ಬೈಬಲ್ಲಿನ 23ನೇ ಕೀರ್ತನೆ ತೆಗೆದು ನೋಡಿ: ‘ಹಿ ಮೇಕೆತ್ ಮಿ ಟು ಲೈ ಡೌನ್’. ನಮ್ಮ ಆಫೀಸಿನ ಗುಮಾಸ್ತರು ತಪ್ಪಿದ್ದು ನಾನೂರು ವರ್ಷ ತಡವಾಗಿ ಬಂದದ್ದರಲ್ಲಿ ಮಾತ್ರ. ಕರ್ಮಣಿಯಲ್ಲಂತೂ ಆ ‘ಟು’ ಇಂದಿಗೂ ಬೇಕೇಬೇಕು: ‘ಐ ವಾಸ್ ಮೇಡ್ ಟು ವೇಟ್’.

ಇನ್ನೊಂದು ಮೂಢನಂಬಿಕೆ ಇದೆ. ‘ಟು’ಗೂ ಕ್ರಿಯಾಪದಕ್ಕೂ ನಡುವೆ ಏನನ್ನೂ ತೂರಿಸಬಾರದಂತೆ. ‘ಟು ರಿಯಲಿ ಅಂಡರ್‌ಸ್ಟ್ಯಾಂಡ್’ ಅಂದರೆ ಮಹಾಪರಾಧ. ಕೆಂಪು ಶಾಯಿಯಲ್ಲಿ ಇದನ್ನು ಹೊಡೆದು ಹಾಕಿಸಿಕೊಂಡವರಲ್ಲಿ ನಾನೂ ಒಬ್ಬ. 14ನೇ ಶತಮಾನದಲ್ಲೇ ಇಂಗ್ಲೆಂಡಿನ ಧರ್ಮಪಂಡಿತ ಜಾನ್ ವಿಕ್ಲಿಫ್ ಹೀಗೆ ಧಾರಾಳವಾಗಿ ಬರೆದಿದ್ದ. ಆಕ್ಷೇಪ ಜೋರಾದದ್ದು 19ನೇ ಶತಮಾನದಲ್ಲಿ. 1834ರಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಹೆಸರಿಲ್ಲದ ಒಬ್ಬರು ತಕರಾರು ತೆಗೆದರು. 1864ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯ ಪಾದ್ರಿ ಹೆನ್ರಿ ಆಲ್ಫರ್ಡ್ ದನಿಗೂಡಿಸಿದರು. ಲ್ಯಾಟಿನ್ನಿನಲ್ಲಿ ಇನ್ಫಿನಿಟಿವ್ ಒಂದೇ ಪದ, ಸೀಳೋಕಾಗಲ್ಲ, ಅದಕ್ಕೇ ಇಂಗ್ಲಿಷಿನಲ್ಲೂ ಸೀಳಬಾರದು ಅಂತ ವಾದಿಸುವವರಿದ್ದಾರೆ. ತೆಂಗಿನಮರಕ್ಕೆ ಕೊಂಬೆಯಿಲ್ಲ, ಅದಕ್ಕೆ ಮಾವಿನಮರದ ಕೊಂಬೆ ಕಡಿಯಿರಿ ಅಂದ ಹಾಗಾಯ್ತು ಇದು.

ನಿಜವಾಗಿ ಎಚ್ಚರ ಬೇಕಾದ್ದು ಬೇರೆ ಕಡೆ. ‘ಟು’ ಬರೀ ಗುರುತಾಯ್ತು ಅಂದೆನಲ್ಲ, ಅದರ ಹಳೆ ವಾಸನೆ ಪೂರ್ತಿ ಹೋಗಿಲ್ಲ. ‘ರಿಮೆಂಬರ್ ಟು ಲಾಕ್’ ಅಂದರೆ ಬೀಗ ಹಾಕೋದು ಇನ್ನೂ ಮುಂದಿದೆ. ‘ರಿಮೆಂಬರ್ ಲಾಕಿಂಗ್’ ಅಂದರೆ ಹಾಕಿ ಆಗಿದೆ, ಈಗ ನೆನಪು. ‘ಹಿ ಸ್ಟಾಪ್ಡ್ ಟು ಸ್ಮೋಕ್’ ಅಂದರೆ ಸೇದೋಕೆ ಅಂತ ನಿಂತ. ‘ಸ್ಟಾಪ್ಡ್ ಸ್ಮೋಕಿಂಗ್’ ಅಂದರೆ ಸೇದೋದನ್ನೇ ಬಿಟ್ಟ. ಹೋಪ್, ಪ್ಲಾನ್, ಪ್ರಾಮಿಸ್, ಡಿಸೈಡ್ ಎಲ್ಲ ‘ಟು’ ಬೇಡುವುದು ಇದಕ್ಕೇ. ಅವೆಲ್ಲ ಮುಂದೆ ನೋಡುವ ಪದಗಳು. ‘ಸಜೆಸ್ಟ್’, ‘ಪೋಸ್ಟ್‌ಪೋನ್’ ಥರದ ಕೆಲವು ಮಾತ್ರ ಮುಂದೆ ನೋಡಿದರೂ ‘ಇಂಗ್’ ಕೇಳುತ್ತವೆ. ಅವನ್ನು ಸುಮ್ನೆ ಬಾಯಿಪಾಠ ಮಾಡಿ.

ಮತ್ತೆ ಕೆಲವು ಕಡೆ ‘ಟು’ ಇನ್ಫಿನಿಟಿವ್ ಗುರುತೇ ಅಲ್ಲ, ಹಳೆಯ ‘ಕಡೆಗೆ’ಯೇ. ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಅಂತ ಎಷ್ಟು ಮೇಲ್‌ಗಳಲ್ಲಿ ಬರೆದಿದ್ದೆನೋ! ಈಗ ನನ್ನದೊಂದು ಕಾಫಿ ಪರೀಕ್ಷೆ ಇದೆ. ‘ಟು’ ಮುಂದೆ ಕಾಫಿ ಇಟ್ಟು ನೋಡುತ್ತೇನೆ. ‘ಲುಕಿಂಗ್ ಫಾರ್ವರ್ಡ್ ಟು ಕಾಫಿ’ ಸರಿಹೋಯ್ತಾ? ಹಾಗಾದರೆ ಅಲ್ಲಿ ‘ಮೀಟಿಂಗ್’ ಬರಬೇಕು. ‘ಡಿಸೈಡೆಡ್ ಟು ಕಾಫಿ’ ಸರಿಹೋಗಲ್ಲ, ಅಲ್ಲಿ ‘ಮೀಟ್’ ಸಾಕು. ‘ಯೂಸ್ಡ್ ಟು’ ಎರಡೂ ಆಟ ಆಡುತ್ತದೆ. ‘ಐ ಆಮ್ ಯೂಸ್ಡ್ ಟು ಕಾಫಿ’ ಆಗುತ್ತದೆ, ಆದ್ದರಿಂದ ಕುಡಿಯೋದು ರೂಢಿಯಾದವನು ‘ಯೂಸ್ಡ್ ಟು ಡ್ರಿಂಕಿಂಗ್’ ಅನ್ನಬೇಕು. ‘ಐ ಯೂಸ್ಡ್ ಟು ಕಾಫಿ’ ಆಗುವುದಿಲ್ಲ. ‘ಐ ಯೂಸ್ಡ್ ಟು ಡ್ರಿಂಕ್’ ಅಂದವನು ಕಾಫಿ ಬಿಟ್ಟು ಎಷ್ಟೋ ದಿನವಾಗಿರುತ್ತದೆ.